ಬಾಟ್ಲಿಯ ಮೇಲಿನ ಅಧ್ಯಕ್ಷರು

ಅವರ ಮುಖವನ್ನು ನಾನು ಮೊದಲು ನೋಡಿದ್ದು ನೀರಿನ ಬಾಟ್ಲಿಯ ಮೇಲೆ. ನಮ್ಮ ಸೈಕಲ್ ಕ್ಲಬ್ಬಿಗೆ ಅಧ್ಯಕ್ಷರಾದ ಕೂಡಲೇ ಅವರು ಮಾಡಿದ ಮೊದಲ ಘನಕಾರ್ಯವೆಂದರೆ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಬಾಟ್ಲಿ ಹಂಚಿದ್ದು. ಒಳಗಿನ ನೀರು ಕಾಣುವಂಥ ಬಾಟ್ಲಿ. ಅದರ ಮೈತುಂಬ ಅವರ ಭಾವಚಿತ್ರ. ಮೇಲೆ ಹಣೆ, ನಡುವೆ ದಪ್ಪ ಮೀಸೆ, ತಳದಲ್ಲಿ ಗದ್ದ, ಗದ್ದದ ಕೆಳಗೆ ಹೂವಿನ ಹಾರ. ಅಳತೆಯ ಗೆರೆಗಳು ಇರಬೇಕಾದ ಜಾಗವನ್ನೆಲ್ಲ ಆ ಮುಖ ನುಂಗಿತ್ತು. ದೂರ ಸೈಕಲ್ ಹೊಡೆಯುವವರಿಗೆ ಎಷ್ಟು ಕುಡಿದೆ, ಎಷ್ಟು ಉಳಿಯಿತು ಎಂಬುದು ಗೊತ್ತಿರಲೇಬೇಕು. ಬೇರೆ ದಾರಿ ಇಲ್ಲದೆ ನಮ್ಮ ಹುಡುಗಿಯರು ಅಧ್ಯಕ್ಷರ ಮುಖದಲ್ಲೇ ಅಳೆಯಲು ಕಲಿತರು. "ಟೀಚರ್, ಹಣಿ ಮುಗೀತ್ರಿ." "ನಂದು ಮೀಸಿಗೆ ಬಂದೈತಿ." "ಗದ್ದಕ್ಕ ಇಳೀತು, ಇನ್ನ ತುಂಬಿಸಿಕೊಳ್ಳಬೇಕು." ಅವರಿಂದ ನಮ್ಮ ಆಟಕ್ಕೆ ಆದ ಉಪಯೋಗ ಇದೊಂದೇ. ಅದೂ ಅವರಿಗೆ ಗೊತ್ತಿಲ್ಲದೆ ಆದದ್ದು.

ಹೋದ ತಿಂಗಳು ಅವರು ಕಿಡ್ನಿಯ ಕಾಯಿಲೆಯಲ್ಲಿ ತೀರಿಕೊಂಡರು. ನಾನು ನೋಡಲು ಹೋಗಿರಲಿಲ್ಲ. ಮಣ್ಣಿಗೂ ಹೋಗಲಿಲ್ಲ. ಆಮೇಲೆ ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿದ. ಅವನು ಕೆಟ್ಟವನಲ್ಲ, ಯಾರು ಕುರ್ಚಿಯಲ್ಲಿ ಕೂತರೂ ಅವರ ಹಿಂದೆ ಕೈಕಟ್ಟಿ ನಿಲ್ಲುವ ಚಟ ಒಂದಿದೆ, ಅಷ್ಟೆ.

"ಟೀಚರ್, ಅಧ್ಯಕ್ಷರ ನೆನಪಿಗೆ ಸ್ಟೇಷನ್ ರಸ್ತಾದಾಗ ಅರವಟಿಗಿ ಇಡಾಕತ್ತೇವ್ರಿ. ಶ್ರದ್ಧಾಂಜಲಿನೂ ಅಲ್ಲೇ. ನೀವು ಬಂದು ಎರಡು ಛಲೋ ಮಾತು ಹೇಳಬೇಕು."

"ಎರಡು ಎಲ್ಲಿಂದ ತರ್ಲಿಪಾ?"

"ಸತ್ತೋರ ಬಗ್ಗೆ ಹಂಗ ಅನಬ್ಯಾಡ್ರಿ. ಒಂದರ ಹೇಳ್ರಿ."

ಹುಡುಕಿ ನೋಡುತ್ತೇನೆ ಎಂದು ಫೋನು ಇಟ್ಟೆ. ನಿಜವಾಗಿಯೂ ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಿಜಯಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್. ಊರು ಕನಮಡಿ. ಅಪ್ಪನದು ಮಳೆ ನಂಬಿದ ಹೊಲ, ಒಂದಿಷ್ಟು ಕುರಿ. ಹುಡುಗಿಯಾಗಿದ್ದಾಗ ನಾನೂ ಸೈಕಲ್ ಸ್ಪರ್ಧೆಗೆ ಹೋದವಳು. ನಮ್ಮ ಕಡೆ ಸೈಕಲ್ಲಿನ ಹುಚ್ಚು ಹಳೆಯದು. ನಸುಕಿನಲ್ಲಿ ಟಿಕೋಟದ ರಸ್ತೆಗೆ ಬಂದು ನಿಂತರೆ ಸಾಲುಗಟ್ಟಿ ಬಗ್ಗಿದ ಬೆನ್ನುಗಳು ಹೋಗುವುದು ಕಾಣುತ್ತದೆ. ಇತ್ತೀಚೆಗೆ ಈಜು, ಸೈಕಲ್, ಓಟ ಮೂರನ್ನೂ ಬೆನ್ನುಬೆನ್ನಿಗೆ ಮಾಡುವ ಟ್ರಯಥ್ಲಾನ್ ಎಂಬುದೂ ಬಂತು. ಅದು ಬಂದದ್ದೇ ತಡ, ಅಧ್ಯಕ್ಷರೂ ಬಂದರು.

ಅವರಿಗೆ ಸ್ಟೇಷನ್ ರಸ್ತೆಯಲ್ಲಿ ದೊಡ್ಡ ಅಂಗಡಿ ಇತ್ತು. ನೀರಿನ ಟಾಕಿ, ಪೈಪು, ಪಂಪುಸೆಟ್ಟು. ಊರಿನ ಎಷ್ಟೋ ಸಂಘಗಳಿಗೆ ಅವರೇ ಅಧ್ಯಕ್ಷರು, ಹಾಗಾಗಿ ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ನಾನೂ ಇಲ್ಲಿ ಕರೆಯುವುದಿಲ್ಲ. ಜೀವಮಾನದಲ್ಲಿ ಒಮ್ಮೆ ಸೈಕಲ್ ಹತ್ತಿದ್ದರು, ಅದು ಉದ್ಘಾಟನೆಯ ದಿನ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿತ್ತು, ಎಡಕ್ಕೊಬ್ಬ ಬಲಕ್ಕೊಬ್ಬ ಹಿಡಿದು ನಿಂತಿದ್ದರು, ಫೋಟೋ ಆಯಿತು, ಇಳಿಸಿದರು. ಇಳಿದವರು ಬೆವರು ಒರೆಸಿಕೊಂಡರು. ಒರೆಸಿಕೊಳ್ಳಲು ಬೆವರು ಎಲ್ಲಿತ್ತೋ ನನಗೆ ಕಾಣಲಿಲ್ಲ.

ನೀರು ಕೊಡುವ ಅವರ ಭಂಗಿಯನ್ನು ನೋಡಬೇಕಿತ್ತು. ಪ್ರತಿ ಬೇಸಿಗೆಯಲ್ಲೂ ಅರವಟಿಗೆ ಇಡುತ್ತಿದ್ದರು. ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿಗಳು, ಹರವಿಗಿಂತ ದೊಡ್ಡದಾಗಿ ಅವರ ಚಿತ್ರದ ಬ್ಯಾನರು. ಯಾರಾದರೂ ಬೊಗಸೆ ಒಡ್ಡಿದರೆ ತಂಬಿಗೆಯನ್ನು ಭುಜದೆತ್ತರಕ್ಕೆ ಎತ್ತಿ, ಸಣ್ಣಗೆ ಧಾರೆ ಬಿಟ್ಟು, ಕ್ಯಾಮೆರಾದ ಕಡೆ ನೋಡಿ ನಗುತ್ತಿದ್ದರು. ಬೊಗಸೆಯ ಕಡೆ ಅವರು ನೋಡಿದ್ದನ್ನು ನಾನು ಕಂಡಿಲ್ಲ. ಅರ್ಧ ನೀರು ಕುಡಿಯುವವನ ಮೊಣಕೈಗೆ ಹೋಗುತ್ತಿತ್ತು. ಫೋಟೋ ಮುಗಿದರೆ ತಂಬಿಗೆ ಕೆಳಗೆ, ಅವರು ಜೀಪಿನೊಳಗೆ.

ಅವರದೊಂದು ಮಾತಿತ್ತು. "ನೀರು ಕೇಳಬಾರ್ದು. ಕೊಟ್ಟಾಗ ಕುಡೀಬೇಕು." ದೊಡ್ಡ ಶಿಸ್ತಿನ ಮಾತೆಂದು ಅವರೇ ಮೆಚ್ಚಿ ಎಲ್ಲ ಸಭೆಯಲ್ಲೂ ಹೇಳುತ್ತಿದ್ದರು. ನಮ್ಮ ಕಡೆ ಬಿಸಿಲಿನಿಂದ ಯಾರೇ ಹೊಸ್ತಿಲು ದಾಟಿ ಬರಲಿ, ವೈರಿಯೇ ಆಗಲಿ, ಮೊದಲು ಒಂದು ತಂಬಿಗೆ ನೀರು, ಅದರ ಜೊತೆ ಒಂದು ಚೂರು ಬೆಲ್ಲ. ಬಂದ ಕೆಲಸ ಏನು ಎಂದು ಕೇಳುವುದು ಆಮೇಲೆ. ಕೇಳುವ ಮೊದಲೇ ಕೊಡುವುದು ನಮ್ಮ ರೂಢಿ. ಅದನ್ನು ತಲೆಕೆಳಗು ಮಾಡಿ ಗಾದೆಯ ಹಾಗೆ ಹೇಳುವ ಧೈರ್ಯ ಅವರೊಬ್ಬರಿಗೇ ಇತ್ತು.

ಒಮ್ಮೆ ಅಪ್ಪನನ್ನು ಕರೆದುಕೊಂಡು ಅವರ ಅಂಗಡಿಗೆ ಹೋಗಿದ್ದೆ. ಊರ ಬಾವಿಯ ಪಂಪಿಗೆ ಏನೋ ಬೇಕಿತ್ತು. ಕನಮಡಿಯಿಂದ ಬಸ್ಸಿನಲ್ಲಿ ನಿಂತು ಬಂದಿದ್ದ ಅಪ್ಪ ಮೂಲೆಯಲ್ಲಿದ್ದ ಹರವಿ ನೋಡಿ, "ಯಪ್ಪಾ, ಒಂದೀಟು ನೀರು ಕೊಡ್ರೆಲಾ" ಅಂದ.

ಅಧ್ಯಕ್ಷರು ಬಿಲ್ಲಿನಿಂದ ತಲೆ ಎತ್ತಲಿಲ್ಲ. "ಮೊದಲ ಸಾಮಾನು ನೋಡ್ರಿ. ಆಮ್ಯಾಲ ಎಲ್ಲಾ ಬರ್ತೈತಿ."

ಸಾಮಾನು ಅವರಲ್ಲಿ ಇರಲಿಲ್ಲ. ಹಾಗಾಗಿ ನೀರೂ ಬರಲಿಲ್ಲ. ಹೊರಗೆ ಬಂದ ಮೇಲೆ ಅಪ್ಪ ಟೋಪಿ ಸರಿಮಾಡಿಕೊಂಡು, "ಬೆಲ್ಲ ಹೋಗ್ಲಿ ಬಿಡು. ಹರವಿ ಇಟ್ಟುಕೊಂಡು ನೀರು ಕೊಡದಾಂವ ಎಂಥಾ ಮನಷ್ಯಾ ಅಂವಾ?" ಎಂದ. ಅಪ್ಪ ಯಾರನ್ನೂ ಬೈಯುವವನಲ್ಲ. ಅವನ ಬಾಯಲ್ಲಿ ಅದೇ ದೊಡ್ಡ ಬೈಗುಳ.

ನೀರಿನ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ ಎಂದರೆ ನಂಬುವುದು ಕಷ್ಟ, ಬದುಕೆಲ್ಲ ನೀರಿನ ಟಾಕಿ ಮಾರಿದವರು. ಒಂದು ವರ್ಷ ಕ್ಲಬ್ಬಿನಲ್ಲಿ ಜಲ ಸಪ್ತಾಹ ಎಂದು ಮಾಡಿದರು. ಯಾವುದೋ ವಿಡಿಯೋದಲ್ಲಿ ಕ್ರೀಡಾಪಟುಗಳು ಹೆಚ್ಚು ನೀರು ಕುಡಿಯಬೇಕು ಎಂದು ಕೇಳಿದ್ದರಂತೆ. ಎಷ್ಟು ಹೆಚ್ಚು, ಯಾವಾಗ, ಅದರ ಜೊತೆ ಏನು ಎಂಬುದನ್ನು ಕೇಳುವ ಪುರುಸೊತ್ತು ಆಗಿರಲಿಲ್ಲ. ದೂರದ ಸವಾರಿ ಮುಗಿಸಿ ಬಂದ ಹುಡುಗರನ್ನು ಸಾಲಾಗಿ ಕೂರಿಸಿ, ಯಾರು ಹೆಚ್ಚು ನೀರು ಕುಡಿಯುತ್ತಾರೋ ಅವರಿಗೆ ಬಹುಮಾನ ಎಂದು ಸಾರಿದರು. ನಾನು ಮೈಕಿನ ಹತ್ತಿರವೇ ಹೋಗಿ ಹೇಳಿದೆ:

"ಬೆವರಿನಾಗ ಉಪ್ಪೂ ಹೋಗಿರತೈತ್ರಿ. ಬರೀ ನೀರು ಕೊಡ ಕೊಡ ಸುರದ್ರ ಇದ್ದ ಉಪ್ಪೂ ತೊಳದು ಹೋಗತೈತಿ. ನಿಂಬಿಹಣ್ಣು, ಉಪ್ಪು, ಬೆಲ್ಲ ಹಾಕಿ ಸಾವಕಾಶ ಕುಡಸ್ರಿ."

"ಟೀಚರ್, ನೀರು ಅಂದ್ರ ಪುಣ್ಯ. ಪುಣ್ಯಾ ಹೆಚ್ಚಾದ್ರ ಯಾರರ ಸಾಯ್ತಾರೇನು?" ಎಂದರು. ಸಭೆ ನಕ್ಕಿತು. ಗೆದ್ದ ಹುಡುಗ ಬಹುಮಾನದ ಕಪ್ಪು ಹಿಡಿದೇ ವಾಂತಿ ಮಾಡಿಕೊಂಡ. ತಲೆ ಸಿಡಿಯುತ್ತದೆ ಎಂದು ಅಳುತ್ತಾ ಆಸ್ಪತ್ರೆ ಸೇರಿದ, ಮರುದಿನ ಎದ್ದು ಕೂತ. ಅಧ್ಯಕ್ಷರು ಅದಕ್ಕೆ ಕೊಟ್ಟ ಕಾರಣ, ಹುಡುಗ ಬರುವ ಮುಂಚೆ ಮಿರ್ಚಿ ಭಜಿ ತಿಂದಿದ್ದ ಎಂಬುದು.

ಒಳ್ಳೆಯದೂ ಹೇಳಬೇಕಲ್ಲ. ಕ್ಲಬ್ಬಿಗೆ ಹೆಲ್ಮೆಟ್ಟು ಕೊಡಿಸಿದ್ದು ಅವರೇ. ಗಟ್ಟಿ ಹೆಲ್ಮೆಟ್ಟು, ಇಂದಿಗೂ ಬಾಳಿಕೆ ಬರುತ್ತಿವೆ. ಹಿಂದಲೆಯ ಮೇಲೆ ಅವರ ಹೆಸರಿದೆ. ಅದನ್ನು ನಾವು ಟೇಪು ಅಂಟಿಸಿ ಮುಚ್ಚಿದ್ದೇವೆ.

ಇನ್ನು ನನ್ನ ತಂಗಿಯ ಮಾತಿಗೆ ಬರುತ್ತೇನೆ. ಅದನ್ನು ಬಿಟ್ಟು ಈ ಮನುಷ್ಯನ ಬಗ್ಗೆ ಬರೆದರೆ ಬರೆದ ಹಾಗಲ್ಲ.

ಸುರೇಖಾ ನನಗಿಂತ ಬಹಳ ಸಣ್ಣವಳು. ಹೈಸ್ಕೂಲು ಮುಗಿಸಿ ನನ್ನ ಜೊತೆಗೆ ವಿಜಯಪುರದಲ್ಲಿ ಇದ್ದಳು. ಕನಮಡಿಯ ಬಾವಿಯಲ್ಲಿ ಈಜು ಕಲಿತವಳು, ಕುರಿಗಳ ಹಿಂದೆ ಓಡಿ ಕಾಲು ಗಟ್ಟಿ ಮಾಡಿಕೊಂಡವಳು, ಸೈಕಲ್ ನಾನು ಕಲಿಸಿದ್ದು. ಮೂರೂ ಒಬ್ಬಳಲ್ಲೇ ಕೂಡಿದ್ದವು. ನಮ್ಮ ಸ್ಪರ್ಧೆಯಲ್ಲಿ ಮೊದಲು ಬಂದ ಹುಡುಗಿಯನ್ನು ರಾಜ್ಯದ ತರಬೇತಿ ಶಿಬಿರಕ್ಕೆ ಕಳಿಸುವುದೆಂದು ಆ ವರ್ಷ ಗೊತ್ತಾಯಿತು. ಒಬ್ಬಳಿಗೇ ಅವಕಾಶ. ಸುರೇಖಾಳಿಗೆ ಬೇರೆ ಯಾವುದರ ಆಸೆಯೂ ಇರಲಿಲ್ಲ. ಅಪ್ಪ ಮಾತ್ರ, "ಶಿಬಿರಕ್ಕ ಆರಿಸಿದ್ರ ಓಡ್ಲಿ. ಇಲ್ಲಂದ್ರ ಈ ವರ್ಷಕ್ಕ ಸೈಕಲ್ಲು ಸಾಕು" ಎಂದು ಹೇಳಿಬಿಟ್ಟಿದ್ದ.

ಅವಳನ್ನು ನಾನು ತಯಾರು ಮಾಡಿದ್ದು ಕಾಲಿಗಿಂತ ಹೆಚ್ಚಾಗಿ ನೀರಿನಲ್ಲಿ. ಸವಾರಿಗೆ ಮುಂಚೆ ತೂಕ, ಬಂದ ಮೇಲೆ ತೂಕ. ಎಷ್ಟು ಇಳಿದಿದೆಯೋ ಅಷ್ಟು ನೀರು ಮೈಬಿಟ್ಟು ಹೋಗಿದೆ. ಅವಳ ಕರಿ ಅಂಗಿಯ ಬೆನ್ನ ಮೇಲೆ ಬಿಳಿ ಗೆರೆ ಮೂಡುತ್ತಿತ್ತು, ಅದು ಒಣಗಿದ ಉಪ್ಪು. ಕೆಲವರ ಬೆವರಿನಲ್ಲಿ ಉಪ್ಪು ಹೆಚ್ಚು, ಅವಳದು ಆ ಜಾತಿ. ಹಾಗಾಗಿ ನಿಂಬೆ, ಉಪ್ಪು, ಬೆಲ್ಲದ ಪಾನಕ ಅವಳ ಅಳತೆಗೇ ಮಾಡುತ್ತಿದ್ದೆ. ನೀರಡಿಕೆ ಆಗುವವರೆಗೆ ಕಾಯಬಾರದು, ಹಾಗೆಂದು ಹೊಟ್ಟೆ ಕುಲುಕುವಷ್ಟೂ ಕುಡಿಯಬಾರದು. ಗುಟುಕು ಗುಟುಕಾಗಿ, ಸೈಕಲ್ ನಿಲ್ಲಿಸದೆ. ಟಿಕೋಟ ಮುಟ್ಟುವುದರೊಳಗೆ ಒಂದು ಬಾಟ್ಲಿ ಮುಗಿಯಬೇಕು, ಬಬಲೇಶ್ವರಕ್ಕೆ ಎರಡನೆಯದು, ಅಲ್ಲಿಂದ ವಿಜಯಪುರಕ್ಕೆ ಮೂರನೆಯದು. ಆಗ ಮಾತ್ರ ಕೊನೆಯ ಓಟಕ್ಕೆ ಕಾಲಿನಲ್ಲಿ ಜೀವ ಉಳಿಯುತ್ತದೆ.

ಸ್ಪರ್ಧೆಯ ಹಿಂದಿನ ಸಂಜೆ ಅಧ್ಯಕ್ಷರು ಹೊಸ ನಿಯಮ ತಂದರು. ಒಬ್ಬರಿಗೆ ಒಂದೇ ಬಾಟ್ಲಿ. ಅದೂ ಅವರ ಮುಖ ಇದ್ದದ್ದೇ. ಮುಂದಿನ ನೀರೆಲ್ಲ ಟಿಕೋಟ ಮತ್ತು ಬಬಲೇಶ್ವರದ ಅರವಟಿಗೆಗಳಲ್ಲಿ. ಬೇರೆ ಯಾರಿಂದಲಾದರೂ ನೀರು ಪಡೆದರೆ ಸ್ಪರ್ಧೆಯಿಂದ ಹೊರಗೆ.

"ಇದು ಯಾವ ಊರಿನ ನಿಯಮಾರಿ?" ಎಂದು ಕೇಳಿದೆ.

"ಎಲ್ಲಾರೂ ಮನ್ಯಾಗಿಂದ ನೀರು ತಂದ್ರ ನಮ್ಮ ಅರವಟಿಗ್ಯಾಗಿನ ನೀರು ಯಾರ ಕುಡೀತಾರ ಟೀಚರ್? ಸಾಹೇಬರು ಬರಾಕತ್ತಾರ. ಹರವಿ ತುಂಬಿದ್ದು ತುಂಬಿದಂಗ ಇದ್ರ ಛಂದ ಕಾಣ್ತೈತೇನು?"

ಸಾಹೇಬರು ಎಂದರೆ ಮುಖ್ಯ ಅತಿಥಿ. ಎರಡೂ ಅರವಟಿಗೆಗಳನ್ನು ಅವರೇ ಉದ್ಘಾಟಿಸಬೇಕೆಂದು ಗೊತ್ತಾಗಿತ್ತು. ಅದನ್ನು ಕೇಳಿದಾಗ ನನಗೆ ಇದರಲ್ಲಿ ಅಪಾಯ ಹೊಳೆಯಲಿಲ್ಲ. ಯಾರಿಗೂ ಹೊಳೆಯುತ್ತಿರಲಿಲ್ಲ. ನೀರಿನ ಮುಂದೆ ನೀರಡಿಸಿದವರನ್ನು ನಿಲ್ಲಿಸಬಲ್ಲ ಮನುಷ್ಯ ಇರುತ್ತಾನೆಂದು ಯಾರು ಎಣಿಸುತ್ತಾರೆ?

ಬೆಳಗಿನ ತಂಪು ಅಧ್ಯಕ್ಷರ ಭಾಷಣದಲ್ಲಿ ಹೋಯಿತು. ಈಜುಕೊಳದ ದಂಡೆಯಲ್ಲಿ ಹುಡುಗರು ಚಡ್ಡಿಯಲ್ಲಿ ನಿಂತು, ಶಿಸ್ತು ಎಂದರೇನು ಎಂಬುದನ್ನು ಕೇಳಿಸಿಕೊಂಡರು. ಸ್ಪರ್ಧೆ ಶುರುವಾದಾಗ ಬಿಸಿಲು ಚುರುಗುಡುತ್ತಿತ್ತು. ಸುರೇಖಾ ಈಜಿನಲ್ಲೇ ಹುಡುಗಿಯರಿಗೆಲ್ಲ ಮುಂದಾದಳು. ಸೈಕಲ್ ಹತ್ತಿ ಹೋಗುವಾಗ ನನ್ನ ಕಡೆ ನೋಡಿ ನಕ್ಕಳು. ನಾನು ಅವಳ ಓಟದ ಬೂಟು ಹಿಡಿದು ಗೋಳಗುಮ್ಮಟದ ಹತ್ತಿರ ಕಾಯಲು ಹೋದೆ, ಸೈಕಲ್ ಬಿಟ್ಟು ಓಟ ಶುರು ಮಾಡುವ ಜಾಗ ಅದು. ಟಿಕೋಟದಲ್ಲಿ ನಡೆದದ್ದನ್ನು ಅಲ್ಲಿ ಸ್ವಯಂಸೇವಕರಾಗಿ ನಿಂತಿದ್ದ ನಮ್ಮ ಶಾಲೆಯ ಡ್ರಾಯಿಂಗ್ ಟೀಚರು ಆಮೇಲೆ ಹೇಳಿದರು. ಸುರೇಖಾಳೂ ಹೇಳಿದಳು.

ಅವಳು ಟಿಕೋಟಕ್ಕೆ ಬಂದಾಗ ಬಾಟ್ಲಿಯ ನೀರು ಗದ್ದವನ್ನೂ ದಾಟಿ ಹಾರಕ್ಕೆ ಇಳಿದು ಮುಗಿದಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಅರವಟಿಗೆಯಲ್ಲಿ ಹರವಿಗಳು ತುಂಬಿದ್ದವು, ತಂಬಿಗೆಗಳು ತೊಳೆದು ಬೋರಲು ಹಾಕಿದ್ದವು. ಎಲ್ಲದರ ಮುಂದೆ ಅಡ್ಡಲಾಗಿ ಕೆಂಪು ರಿಬ್ಬನ್ನು. ರಿಬ್ಬನ್ನಿನ ಮುಂದೆ ಅಧ್ಯಕ್ಷರು, ಕೈಯಲ್ಲಿ ಕತ್ತರಿಯ ತಟ್ಟೆ.

ಅವಳು ಸೈಕಲ್ ನಿಲ್ಲಿಸಿ ಖಾಲಿ ಬಾಟ್ಲಿ ಚಾಚಿದಳು.

"ನಿಂದರವಾ, ಒಂದ್ ಐದ್ ನಿಮಿಷ. ಸಾಹೇಬರು ಬರಾಕತ್ತಾರ" ಎಂದರು ಅಧ್ಯಕ್ಷರು.

ಸಾಹೇಬರು ಆಗ ಅಧ್ಯಕ್ಷರ ಮನೆಯಲ್ಲಿಯೇ ಚುರಮುರಿ ಸೂಸಲಾದ ನಾಷ್ಟಾಕ್ಕೆ ಕೂತಿದ್ದರು. ಅಧ್ಯಕ್ಷರು ಮನೆಗೆ ಫೋನು ಹಚ್ಚಿ, "ಹೊಂಟ್ರೇನು?" ಎಂದು ಹೆಂಡತಿಯನ್ನು ಕೇಳುವುದು, ಆ ಕಡೆಯಿಂದ, "ಇಲ್ರಿ, ಇನ್ನಾ ಸೂಸಲಾ ಹಾಕಿಸಿಕೊಳ್ಳಾಕತ್ತಾರ" ಎಂದು ಬರುವುದು ಸುತ್ತ ನಿಂತವರಿಗೂ ಕೇಳುತ್ತಿತ್ತಂತೆ. ಬೇಗ ತಿನ್ನಿ ಎಂದು ಅತಿಥಿಗೆ ಹೇಳುವಂತಿಲ್ಲ. ಉದ್ಘಾಟನೆಯಾಗದ ನೀರನ್ನು ಕೊಡುವಂತಿಲ್ಲ. ಡ್ರಾಯಿಂಗ್ ಟೀಚರು ತಂಬಿಗೆಗೆ ಕೈಹಾಕಿದರೆ ಅಧ್ಯಕ್ಷರು, "ಏ ಮಾಸ್ತರ್ರ, ಮುಟ್ಟಬ್ಯಾಡ್ರಿ, ಸಾಹೇಬರ ಮರ್ಯಾದಿ ಪ್ರಶ್ನಿ ಐತಿ" ಎಂದು ಗದರಿದರು. ಮುಂದಿದ್ದ ಗಂಡುಹುಡುಗರು ಅಷ್ಟರಲ್ಲಿ ಬಾಯಿಗೆ ಬಂದದ್ದು ಬೈದು ಹೋಗಿದ್ದರು, ದಾರಿಯ ಹೊಲದಲ್ಲಿ ಯಾವುದೋ ಬೋರಿನ ಪೈಪಿಗೆ ಬಾಯಿ ಹಚ್ಚಿದರು. ಸುರೇಖಾಳಿಗೆ ಅದೂ ಸಾಧ್ಯವಿರಲಿಲ್ಲ. ಹುಡುಗಿಯರಲ್ಲಿ ಮೊದಲನೆಯವಳೆಂದು ತೀರ್ಪುಗಾರರ ಜೀಪು ಅವಳ ಬೆನ್ನಿಗೇ ಇತ್ತು. ಎರಡನೆಯ ಹುಡುಗಿ ದೂರದಲ್ಲಿ ಕಂಡಳು. ಇವಳು ಖಾಲಿ ಬಾಟ್ಲಿಯನ್ನು ಸೈಕಲ್ಲಿಗೆ ಸಿಗಿಸಿ ಹೊರಟುಬಿಟ್ಟಳು.

ಬಬಲೇಶ್ವರದಲ್ಲಿ ಕೊಡಬಹುದಿತ್ತಲ್ಲ ಎಂದರೆ, ಅಲ್ಲಿಯೂ ರಿಬ್ಬನ್ನು. ಟಿಕೋಟದ್ದು ಮೊದಲು ಕತ್ತರಿಸಬೇಕು, ಬಬಲೇಶ್ವರದ್ದು ಆಮೇಲೆ, ಕ್ರಮ ತಪ್ಪಬಾರದು ಎಂದು ಅಲ್ಲಿಯವರಿಗೆ ಅಧ್ಯಕ್ಷರ ತಾಕೀತು. ಅಲ್ಲಿ ನಿಂತವರು ತಾಕೀತು ಪಾಲಿಸಿದರು. ನಮ್ಮ ಜನರಿಗೆ ಬಿಸಿಲು ಹೆದರಿಕೆಯಲ್ಲ, ನೀರಿಲ್ಲದಿರುವುದೂ ಹೆದರಿಕೆಯಲ್ಲ, ಉದ್ಘಾಟನೆ ಕೆಡುವುದು ಹೆದರಿಕೆ.

ಗೋಳಗುಮ್ಮಟದ ಹತ್ತಿರ ಅವಳು ಬಂದಾಗಲೂ ಎಲ್ಲ ಹುಡುಗಿಯರಿಗಿಂತ ಮುಂದೆಯೇ ಇದ್ದಳು. ನಾನು ಮುಖ ನೋಡಿದೆ. ಮುಖ ಕೆಂಪಾಗಿತ್ತು, ಹಣೆ ಒಣಗಿತ್ತು. ಅಷ್ಟು ಬಿಸಿಲಿನಲ್ಲಿ ಅಷ್ಟು ದೂರ ಬಂದವಳ ಹಣೆ ಒಣಗಿರಬಾರದು. "ನಿಲ್ಲು" ಎಂದೆ. ಅವಳು ನನ್ನನ್ನು "ಅವ್ವಾ" ಎಂದಳು. "ಅವ್ವಾ, ಕುರಿ ನೀರಿಗೆ ಬಿಡು" ಎಂದು ಬೂಟಿಗೆ ಕಾಲು ಹಾಕಲು ನೋಡಿದಳು, ಕಾಲು ಬೂಟಿನೊಳಗೆ ಹೋಗಲಿಲ್ಲ. ನನ್ನ ಕೈಯಲ್ಲೇ ಕುಸಿದಳು. ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಹತ್ತಿರದ ಅಂಗಡಿಯವರು ಕಬ್ಬಿನಹಾಲಿಗೆ ಇಟ್ಟಿದ್ದ ಬರ್ಫು ತಂದು ಕೊಟ್ಟರು. ಅದನ್ನೇ ಅವಳ ಕೊರಳಿಗೆ, ಕಂಕುಳಿಗೆ ಒತ್ತಿ ಹಿಡಿದು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ.

ಬದುಕಿದಳು. ಎರಡನೆಯವಳು ಶಿಬಿರಕ್ಕೆ ಹೋದಳು. ಅವಳದೇನೂ ತಪ್ಪಿಲ್ಲ, ಒಳ್ಳೆಯ ಹುಡುಗಿ.

ಮಾರನೇ ದಿನ ಅಧ್ಯಕ್ಷರು ಆಸ್ಪತ್ರೆಗೆ ಬಂದರು. ಒಬ್ಬರೇ ಬರುವ ಪೈಕಿಯವರಲ್ಲ. ಫೋಟೋದವನು, ಕಾರ್ಯದರ್ಶಿ, ಹಣ್ಣಿನ ಬುಟ್ಟಿ, ಹಿಂದೆ ಅವರ ಹೆಂಡತಿ. ಆಕೆ ಸ್ಟೀಲಿನ ಡಬ್ಬಿಯಲ್ಲಿ ಮಜ್ಜಿಗೆ ತಂದಿದ್ದರು. ಒಳಗೆ ಬರದೆ ಬಾಗಿಲಲ್ಲೇ ನಿಂತು ನನ್ನ ತಂಗಿಯ ಒಡೆದ ತುಟಿಗಳನ್ನು ನೋಡುತ್ತಿದ್ದರು. ಅಧ್ಯಕ್ಷರು, "ವೀರ ವನಿತೆ" ಎಂದು ಹೇಳಿ ಒಂದು ಉಣ್ಣೆಯ ಶಾಲು ಬಿಡಿಸಿದರು. ಮೈಕಾವು ಇಳಿಸಲೆಂದು ಡಾಕ್ಟರು ಫ್ಯಾನು ಹಚ್ಚಿ, ಒದ್ದೆ ಬಟ್ಟೆ ಹೊದಿಸಿ ಮಲಗಿಸಿದ್ದ ಹುಡುಗಿಗೆ ಆ ಮನುಷ್ಯ ಉಣ್ಣೆಯ ಶಾಲು ಹೊದಿಸಲು ಬಗ್ಗಿದರು. ನಾನು ಕೈ ಹಿಡಿದು ತಡೆದೆ.

"ಬರೇ ಫೋಟೋಕ್ಕರಿ ಟೀಚರ್. ಒಂದ್ ನಿಮಿಷ."

"ಕೈ ತಗೀರಿ" ಎಂದೆ.

ಶಾಲು ತೆಗೆದರು. ಬದಲಿಗೆ ಚೌಕಟ್ಟು ಹಾಕಿದ ಒಂದು ಚಿತ್ರವನ್ನು ಮಂಚದ ಪಕ್ಕ ಇಟ್ಟು ಹೋದರು. ಟಿಕೋಟದಲ್ಲಿ ತೆಗೆದದ್ದು. ಸುರೇಖಾ ಖಾಲಿ ಬಾಟ್ಲಿ ಚಾಚಿ ನಿಂತಿದ್ದಾಳೆ. ಬಾಟ್ಲಿಯ ಮೇಲೆ ಅಧ್ಯಕ್ಷರ ನಗು. ಬಾಟ್ಲಿಯ ಪಕ್ಕದಲ್ಲಿ ಅಧ್ಯಕ್ಷರದೇ ನಗು. ಹಿಂದೆ ರಿಬ್ಬನ್ನು, ರಿಬ್ಬನ್ನಿನ ಹಿಂದೆ ತುಂಬಿದ ಹರವಿಗಳು. ಆ ಚಿತ್ರವನ್ನು ಆರಿಸಿ, ಚೌಕಟ್ಟು ಹಾಕಿಸಿ, ಬಣ್ಣದ ಕಾಗದ ಸುತ್ತಿ ತಂದವರಿಗೆ ಅದರಲ್ಲಿ ಏನಿದೆ ಎಂದು ಕಂಡಿರಲಿಲ್ಲ. ಬೇಕೆಂದೇ ಮಾಡಿದ್ದರೆ ನಾನು ಅವರನ್ನು ದ್ವೇಷಿಸಿ ಸುಮ್ಮನಾಗುತ್ತಿದ್ದೆ. ಇದಕ್ಕೆ ದ್ವೇಷವೂ ದೊಡ್ಡ ಮಾತಾಯಿತು.

ಚಿತ್ರವನ್ನು ವಾಪಸು ಕೊಡಲು ಅವರ ಅಂಗಡಿಗೆ ಹೋದೆ. ಕ್ಷಮೆ ಕೇಳುತ್ತಾರೇನೋ ಎಂಬ ಒಂದು ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

"ಟೀಚರ್, ನನಗೂ ಸಂಕಟ ಐತಿ" ಎಂದರು. "ಆದ್ರ ವಿಚಾರ ಮಾಡ್ರಿ. ಆಕಿಗೆ ಮೊದಲ ನೀರು ಕೊಟ್ಟು, ಆಮ್ಯಾಲ ಸಾಹೇಬರ ಕಡೆ ರಿಬ್ಬನ್ ಕಟ್ ಮಾಡಿಸಿದ್ರ ಅದಕ್ಕ ಉದ್ಘಾಟನಿ ಅಂತಾರೇನು? ಐದ್ ನಿಮಿಷ ನಿಂತಿದ್ರ ಸಾಹೇಬರ ಕೈಯಿಂದನ ಕುಡೀತಿದ್ಲು. ಆಕಿದ ಪುಣ್ಯಾ ಇರಲಿಲ್ಲ, ಏನ್ ಮಾಡೂದು?"

ಚಿತ್ರವನ್ನು ಗಲ್ಲಾದ ಮೇಲೆ ಬೋರಲು ಇಟ್ಟು ಬಂದೆ. ಮುಂದೆ ಎಲ್ಲಿ ಕಂಡರೂ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ ತಿಳಿಯದು, ಮಾತೆಲ್ಲ ಅವರೇ ಆಡುತ್ತಿದ್ದರು.

ಸುರೇಖಾಳಿಗೆ ಆಮೇಲೆ ಬಿಸಿಲು ತಡೆಯದಾಯಿತು. ಒಮ್ಮೆ ಹಾಗಾದ ಮೈಗೆ ಅದು ಮತ್ತೆ ಬೇಗ ಆಗುತ್ತದೆ, ಸ್ಪರ್ಧೆ ಬೇಡ ಎಂದು ಡಾಕ್ಟರು ಹೇಳಿದರು. ಓದು ಮುಗಿಸಿ ಈಗ ಟಿಕೋಟದ ಒಂದು ಶಾಲೆಯಲ್ಲಿ ನನ್ನ ಹಾಗೆಯೇ ಆಟದ ಟೀಚರ್ ಆಗಿದ್ದಾಳೆ. ಅವಳ ಹುಡುಗಿಯರು ಮೈದಾನಕ್ಕೆ ಬಂದರೆ ಮೊದಲು ನೀರು ಕುಡಿಯುತ್ತಾರೆ, ಆಮೇಲೆ ಹಾಜರಿ.

ಶ್ರದ್ಧಾಂಜಲಿಯ ದಿನ ನಾನು ಹೋದೆ. ಒಳ್ಳೆಯ ಮಾತು ಸಿಕ್ಕಿತ್ತು ಎಂದಲ್ಲ. ಮೈಕು ಸಿಗುತ್ತದೆ ಎಂದು. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಊರ ಮುಂದೆ ಹೇಳಿ ಇಳಿಯಬೇಕೆಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

ಸ್ಟೇಷನ್ ರಸ್ತೆಯಲ್ಲಿ ಚಪ್ಪರ, ಬ್ಯಾನರು, ಬ್ಯಾನರಿನ ತುಂಬ ಆ ಮೀಸೆ. ಅವರ ಸ್ಮರಣೆಗೆಂದು ಕ್ಲಬ್ಬಿನವರು ಬಬಲೇಶ್ವರದವರೆಗೆ ಸವಾರಿ ಹೋಗಿ ಆಗಷ್ಟೇ ಬಂದಿದ್ದರು. ಸುರೇಖಾಳ ಶಾಲೆಯ ಹುಡುಗಿಯರೂ ಇದ್ದರು. ಅವರ ಸೈಕಲ್ಲುಗಳ ಹಿಂದೆಯೇ ಜೀಪಿನಲ್ಲಿ ಬಂದ ಸುರೇಖಾ ಚಪ್ಪರದ ಹೊರಗೇ ನಿಂತಿದ್ದಳು. ಎಲ್ಲರೂ ನೀರಿನ ಮುಂದೆ ನಿಂತಿದ್ದರು. ನೀರಿನ ಮುಂದೆ ರಿಬ್ಬನ್ನು ಇತ್ತು.

ನಾನು ಕಾರ್ಯದರ್ಶಿಯ ಹತ್ತಿರ ಹೋದೆ. "ಏನಪಾ ಇದು?"

"ಸಾಹೇಬರು ಬರಾಕತ್ತಾರ್ರಿ ಟೀಚರ್. ಒಂದ್ ಐದ್ ನಿಮಿಷ. ಅಧ್ಯಕ್ಷರು ಹಾಕಿಕೊಟ್ಟ ಪದ್ಧತಿ, ಅವರ ಕಾರ್ಯಕ್ರಮದಾಗ ಮುರಿಯೂದು ಹೆಂಗ್ರಿ?"

ಬೆವರಿನಿಂದ ತೊಯ್ದ ಹುಡುಗಿಯರು, ಆ ದಿನಕ್ಕೆಂದು ಕ್ಲಬ್ಬಿನವರು ಹಂಚಿದ್ದ ಅಧ್ಯಕ್ಷರ ಮುಖದ ಖಾಲಿ ಬಾಟ್ಲಿ ಹಿಡಿದು ಅವನ ಮುಖ ನೋಡುತ್ತಿದ್ದರು. ನಾನು ಮೈಕಿನ ಕಡೆ ಹೊರಟೆ.

ಅಷ್ಟರಲ್ಲಿ ಹೆಂಗಸರ ಸಾಲಿನ ಹಿಂದಿನ ಕುರ್ಚಿಯಿಂದ ಅಧ್ಯಕ್ಷರ ಹೆಂಡತಿ ಎದ್ದರು. ಅವರನ್ನು ವೇದಿಕೆಗೆ ಯಾರೂ ಕರೆದಿರಲಿಲ್ಲ. ಗಂಡ ಸತ್ತವರು ಉದ್ಘಾಟನೆಯ ಹತ್ತಿರ ಬರಬಾರದೆಂದು ನಮ್ಮವರ ಎಣಿಕೆ. ಆಕೆ ಸೀದಾ ಬಂದರು. ರಿಬ್ಬನ್ನಿನ ಗಂಟು ಬಿಚ್ಚಲು ನೋಡಿದರು, ಬಿಚ್ಚಲಿಲ್ಲ. ಸೆರಗು ಸಾವರಿಸಿಕೊಂಡು ಅದರ ಕೆಳಗೇ ಬಗ್ಗಿ ಒಳಗೆ ಹೋದರು. ಹರವಿಯ ಬಾಯಿಯ ಬಟ್ಟೆ ತೆಗೆದು ತಂಬಿಗೆ ಅದ್ದಿದರು.

"ವೈನಿ, ಸಾಹೇಬರು..." ಎಂದ ಕಾರ್ಯದರ್ಶಿ.

"ಬಂದ್ರ ಅವರೂ ಕುಡೀಲಿ" ಎಂದರು.

ಮೊದಲ ತಂಬಿಗೆಯನ್ನು ಅವರು ಸುರೇಖಾಳಿಗೆ ಚಾಚಿದರು. ಅವಳನ್ನು ಗುರುತು ಹಿಡಿದಿದ್ದರು. "ಕುಡಿ ಯವ್ವಾ. ಆ ದಿನ ನಾ ಮನ್ಯಾಗ ಸೂಸಲಾ ಬಡಸಾಕತ್ತಿದ್ದೆ." ಸುರೇಖಾ ತಂಬಿಗೆ ಎತ್ತಿ ಕುಡಿದಳು, ಪೂರ್ತಿ ಕುಡಿದಳು. ಆಮೇಲೆ ಹುಡುಗಿಯರು ಬಾಟ್ಲಿ ಚಾಚತೊಡಗಿದರು. ಕೈ ಸಾಲದೆ ನಾನೂ ರಿಬ್ಬನ್ನಿನ ಕೆಳಗೆ ಬಗ್ಗಿ ಹೋಗಿ ಇನ್ನೊಂದು ತಂಬಿಗೆ ಹಿಡಿದೆ.

ಆಕೆ ನೀರು ತುಂಬುತ್ತಲೇ, ನನ್ನ ಕಡೆ ನೋಡದೆ ಹೇಳಿದರು. "ಕಡೀಕ್ಕ ಬರೇ ನೀರು ನೀರು ಅಂತಿದ್ರು. ಕೊಡಬ್ಯಾಡ್ರಿ, ಮೈಯಾಗ ನಿಲ್ಲತೈತಿ ಅಂದಿದ್ರು ಡಾಕ್ಟರ್ರು. ತುಟಿ ಅಷ್ಟ ಒದ್ದಿ ಅರಿವಿಲೆ ಒರಸ್ತಿದ್ದೆ. ಸಣ್ಣ ಹುಡುಗರಂಗ ನನ್ನ ಕೈ ಹಿಡಕೊಂಡು ಕೇಳ್ತಿದ್ರು. ಏನ್ ಹೇಳ್ಲಿ ನಾ? ಒಂದ್ ಐದ್ ನಿಮಿಷ ತಡೀರಿ, ಕೊಡ್ತೀನಿ, ಅಂತಿದ್ದೆ."

ನಾನು ಆ ಮನುಷ್ಯನನ್ನು ಇಂದಿಗೂ ಮನ್ನಿಸಿಲ್ಲ. ಅವರ ತಿಳಿಗೇಡಿತನದ ಬಗ್ಗೆ ನನಗಿರುವ ಹೇಸಿಗೆ ಅವರ ಜೊತೆ ಮಣ್ಣಿಗೆ ಹೋಗಲಿಲ್ಲ. ಆದರೆ ಆಕೆ ಸುರಿಯುತ್ತಲೇ ಇದ್ದರು, ತುಂಬಿದ ಬಾಟ್ಲಿಯ ಮೇಲಿಂದ ನೀರು ಹರಿದು ಹಣೆ, ಮೀಸೆ, ಗದ್ದ ಎಲ್ಲವನ್ನೂ ತೋಯಿಸುತ್ತಿತ್ತು. ಆಕೆ ಸೆರಗಿನಿಂದ ಆ ಮುಖ ಒರೆಸಿ ಬಾಟ್ಲಿಯನ್ನು ಹುಡುಗಿಯ ಕೈಗೆ ಕೊಟ್ಟರು.

"ಟೀಚರ್, ನಿಮ್ಮ ಸರದಿ" ಎಂದು ಕಾರ್ಯದರ್ಶಿ ಮೈಕು ತಂದು ಹಿಡಿದ. ಹೇಳಬೇಕೆಂದು ತಂದಿದ್ದ ಮಾತುಗಳೆಲ್ಲ ನೆನಪಿನಲ್ಲಿದ್ದವು. ಆಕೆ ಪಕ್ಕದಲ್ಲೇ ನಿಂತು ಮುಂದಿನ ತಂಬಿಗೆ ಅದ್ದುತ್ತಿದ್ದರು. ರಸ್ತೆಯಲ್ಲಿ ಇನ್ನೂ ಜನ ನಿಂತಿದ್ದರು, ಆಟೋದವರು, ಗಾಡಿಯವರು, ರಿಬ್ಬನ್ನು ನೋಡಿ ಒಳಗೆ ಬರಲು ಅನುಮಾನಿಸುತ್ತಿದ್ದರು. ನಾನು ಮೈಕು ಬಾಯಿಗೆ ಹಿಡಿದು, "ನೀರು ಕುಡೀರಿ" ಎಂದೆ.